ಸೀನ ಭಟ್ಟನ ಕಿವಿಯೆಣ್ಣೆ

ಬೈಕುಲ್ಲಾ ಸ್ಟೇಷನ್ನಿನ ಬಳಿಯ ಉಡುಪಿ ಹೋಟೆಲಿನಲ್ಲಿ ಸೀನ ಭಟ್ಟ ದೋಸೆ ಹುಯ್ಯುತ್ತಿದ್ದ. ಲೋಟ ತೊಳೆದು, ಹಿಟ್ಟು ರುಬ್ಬಿ, ಹನ್ನೊಂದು ವರ್ಷ ಬೆವರು ಸುರಿಸಿದ ಮೇಲೆ ಸಿಕ್ಕಿದ ಕಾವಲಿ ಅದು. ಗಿರಾಕಿಗಳ ಎದುರಿಗೇ ನಿಲ್ಲುವ ಜಾಗ. ಮಿಲ್ಲಿನವರು ಚಹಾ ತಣ್ಣಗಾಗುವವರೆಗೂ ಅವನ ಕೈಚಳಕ ನೋಡುತ್ತಿದ್ದರು. ಇದಕ್ಕಿಂತ ದೊಡ್ಡ ಪದವಿ ಮುಂಬಯಿಯಲ್ಲಿ ಇಲ್ಲವೆಂದೇ ಅವನು ನಂಬಿದ್ದ.

ಸಾವಿರದ ಒಂಬೈನೂರ ಐವತ್ತೈದರ ಮಳೆಗಾಲದಲ್ಲಿ ಅವನ ಎರಡೂ ಕಿವಿ ತುರಿಸತೊಡಗಿದವು. ಬೆಂಕಿಕಡ್ಡಿ ಹಾಕಿದ, ಜನಿವಾರಕ್ಕೆ ಕಟ್ಟಿದ್ದ ಬೀಗದ ಕೈ ಹಾಕಿದ, ಕಡೆಗೆ ಕಿರುಬೆರಳನ್ನೇ ಹಾಕಿ ಕಣ್ಣು ಮುಚ್ಚಿ ನಿಂತ. ಒಂದು ಬೆಳಿಗ್ಗೆ ಅದೇ ಬೆರಳು ಹಿಟ್ಟಿನ ಪಾತ್ರೆಯ ಕಡೆ ಹೊರಟಿತು. ಗಿರಾಕಿಯೊಬ್ಬ ದೋಸೆ ಬಿಟ್ಟು ಎದ್ದೇಹೋದ.

ಮಾಲೀಕ ರಾಯರು ಗಲ್ಲಾಪೆಟ್ಟಿಗೆಯಿಂದಲೇ ಗುಡುಗಿದರು. "ಸೀನ, ಈ ತುರಿಕೆ ಹೋಗದಿದ್ರೆ ನೀನು ಪುನಃ ರುಬ್ಬುವ ಕಲ್ಲಿಗೆ. ಹದಿನೈದು ದಿನ ಟೈಮ್ ಉಂಟು."

ಸೀನ ಭಟ್ಟನಿಗೆ ಅಳುವೇ ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಏಕೆಂದರೆ ಹೋಟೆಲಿನವರಿಗೆಲ್ಲ ಕಿವಿವೈದ್ಯ ಅವನೇ! ಮೂರು ವರ್ಷಗಳಿಂದ ಶನಿವಾರದ ಎಣ್ಣೆಸ್ನಾನಕ್ಕೆ ಮೊದಲು ಎಲ್ಲರ ಕಿವಿಗೂ ಬಿಸಿಯೆಣ್ಣೆ ಬಿಡುತ್ತಿದ್ದ. ರಾಯರೂ ತಲೆ ಓರೆ ಮಾಡಿಕೊಂಡು ಕೂರುತ್ತಿದ್ದರು. ಆ ಎಣ್ಣೆಯ ಗುಟ್ಟು ಮಾತ್ರ ಅವನೊಬ್ಬನಿಗೇ ಗೊತ್ತು. ಬೆಳ್ಳುಳ್ಳಿ! ರಾಯರ ಅಡುಗೆಮನೆಯ ಹೊಸ್ತಿಲು ದಾಟದ ಬೆಳ್ಳುಳ್ಳಿಯನ್ನು ಮಾರ್ಕೆಟಿನಿಂದ ಜೇಬಿನಲ್ಲಿ ತಂದು, ತಾರಸಿಯ ಮೇಲೆ ಸ್ಟವ್ ಹಚ್ಚಿ ಕಾಯಿಸುತ್ತಿದ್ದ. ಬಾಯಿಗೆ ನಿಷಿದ್ಧವಾದದ್ದು ಕಿವಿಗೆ ಅಲ್ಲ ಎಂದು ಶಾಸ್ತ್ರವನ್ನೂ ತಾನೇ ತಿದ್ದಿಕೊಂಡಿದ್ದ ಮಹಾಪಂಡಿತ.

ಬೇರೆ ದಾರಿ ಕಾಣದೆ, ಮುಂಬಯಿಯಲ್ಲೇ ದವಾಖಾನೆ ಇಟ್ಟಿದ್ದ ಧಾರವಾಡದ ಡಾಕ್ಟರ್ ಮುರಿಗೆಪ್ಪನವರ ಬಳಿಗೆ ಹೋದ. ಅವರು ಕಿವಿಯೊಳಗೆ ದೀಪದ ಬೆಳಕು ಬಿಟ್ಟು ನೋಡಿ, "ಏನೇನ್ ಹಾಕೀರಿ ಇದ್ರಾಗ?" ಅಂದರು.

"ತೆಂಗಿನೆಣ್ಣೆ, ಡಾಕ್ಟ್ರೇ."

"ಮತ್ತ?"

"ಸ್ವಲ್ಪ ಬೆಳ್ಳುಳ್ಳಿ."

"ಸಾಸಿವಿ, ಕರಿಬೇವು ಯಾಕ ಬಿಟ್ರಿ? ಒಗ್ಗರಣಿ ಪೂರಾ ಆಗ್ತಿತ್ತಲ್ರೀ!"

ನಕ್ಕು ಮುಗಿದ ಮೇಲೆ ಡಾಕ್ಟರು ಕಿವಿಯಿಂದ ಬೆಳ್ಳುಳ್ಳಿ ಸಿಪ್ಪೆಯನ್ನೂ ಬೆಂಕಿಕಡ್ಡಿಯ ಮದ್ದನ್ನೂ ತೆಗೆದು ತೋರಿಸಿದರು. ಎಣ್ಣೆ, ಅದರ ಮೇಲೆ ಸ್ನಾನದ ನೀರು. ಒಳಗೆ ತೇವ ನಿಂತು ಬೂಷ್ಟು ಹಿಡಿದಿತ್ತು. ಕೆರೆದಷ್ಟೂ ಚರ್ಮ ಸುಲಿದು ತುರಿಕೆ ಹೆಚ್ಚುತ್ತಿತ್ತು. "ಕಿವಿಯಾಗಿನ ಗುಗ್ಗಿ ತಾನ ಹೊರಗ ಬರ್ತದ. ನೀವು ಒಳಗ ಹೋಗಬ್ಯಾಡ್ರಿ. ಕಿವಿ ಒಣಗಿರ್ಲಿ, ಈ ಔಷಧದ ಹನಿ ಅಷ್ಟೇ ಬಿಡ್ರಿ," ಅಂದರು.

ಕಿವಿಯ ಕಡೆ ಹೋಗದಂತೆ ಎಡಗೈಗೂ ಕೆಲಸವಿರಲೆಂದು ಸೀನ ಭಟ್ಟ ಅದಕ್ಕೊಂದು ಸಟ್ಟುಗ ಕೊಟ್ಟ. ಮೊದಲ ವಾರ ಪ್ರಾಣವೇ ಹೋದಂತಾಯಿತು. ಹತ್ತನೆಯ ದಿನ ತುರಿಕೆ ನಿಂತಿತು. ಕಾವಲಿ ಉಳಿಯಿತೆಂದು ಅವನು ಹಿಗ್ಗಿದ.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ರಾಯರು ಪೆನ್ಸಿಲನ್ನು ಕಿವಿಗೆ ತೂರಿಸಿ ತಿರುವುತ್ತಿದ್ದರು. ಮುಖದಲ್ಲಿ ಅದೇ ಸಂಕಟ, ಅದೇ ಸುಖ. ಇದು ತನ್ನ ಎಣ್ಣೆಯದೇ ಕೆಲಸವೆಂದು ಸೀನ ಭಟ್ಟನಿಗೆ ಹೊಳೆಯಿತು. ಸುಮ್ಮನಿದ್ದರೆ ಕಾವಲಿ ತನ್ನದೇ. ಬಾಯಿಬಿಟ್ಟರೆ ರುಬ್ಬುವ ಕಲ್ಲೂ ಸಿಗಲಿಕ್ಕಿಲ್ಲ. ಆದರೆ ಮೂರು ವರ್ಷ ಅವನನ್ನು ನಂಬಿ ಕಿವಿ ಒಡ್ಡಿದವರು ಅವರು. ತಡೆಯಲಾಗಲಿಲ್ಲ.

"ರಾಯರೇ, ಪೆನ್ಸಿಲ್ ತೆಗೀರಿ. ತಪ್ಪು ನನ್ನದು," ಎಂದು ಎಲ್ಲವನ್ನೂ ಹೇಳಿಬಿಟ್ಟ, ಬೆಳ್ಳುಳ್ಳಿ ಸಮೇತ.

ರಾಯರು ಪೆನ್ಸಿಲನ್ನು ಹೊರಗೆಳೆದರು. "ಮೂರು ವರ್ಷ... ನನ್ನ ಕಿವಿಗೆ... ಬೆಳ್ಳುಳ್ಳಿಯಾ?"

"ಹೌದು. ನನ್ನಂಥ ಮಂಗನಿಗೆ ಕಲ್ಲೇ ಸರಿ. ಸೌಟು ಇಲ್ಲಿ ಇಟ್ಟಿದ್ದೇನೆ."

ರಾಯರು ಎದ್ದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದರು. ಧ್ವನಿ ತಗ್ಗಿಸಿ ಕೇಳಿದರು: "ಈ ವಿಷಯ ಇನ್ಯಾರಿಗೆ ಗೊತ್ತುಂಟು?"

"ನನಗೆ, ಡಾಕ್ಟರಿಗೆ. ಅಷ್ಟೇ."

"ಊರಲ್ಲಿ ಅಮ್ಮನಿಗೆ ಗೊತ್ತಾದ್ರೆ ನನ್ನನ್ನು ಮನೆಯೊಳಗೆ ಸೇರಿಸ್ಲಿಕ್ಕಿಲ್ಲ, ಮಾರಾಯ!" ಅಂದ ರಾಯರು ಸೌಟನ್ನು ತಾವೇ ಎತ್ತಿ ಅವನ ಕೈಗಿಟ್ಟರು. "ನೀನು ಈ ಕಾವಲಿ ಬಿಟ್ಟು ಎಲ್ಲಿಗೂ ಹೋಗ್ಬಾರ್ದು. ಈಗ ಆ ಡಾಕ್ಟರ ದವಾಖಾನೆ ಎಲ್ಲಿ, ಅದು ಹೇಳು."