ಏಳು ಸುತ್ತಿನ ಟೇಬಲ್ ಚೇಸ್

ಕಳೆದ ವಾರ ನಮ್ಮ ಓಣಿಯ ಡಾಕ್ಟರ ಮನೆಯಲ್ಲಿ ಟಿವಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ‘ಔಟ್!’ ಎಂದು ಕೂಗಿ ಎದ್ದು ನಿಂತೆ. ಕೈಯಲ್ಲಿದ್ದ ಚಹಾ ಡಾಕ್ಟರ ಧೋತರದ ಮೇಲೆ ಬಿತ್ತು.

ಟಿವಿಯಲ್ಲಿ ಯಾವುದೋ ದೇಶದ ಕ್ರೀಡಾಂಗಣ. ಜೂನಿಯರ್ ಹುಡುಗರ ಅಂತರರಾಷ್ಟ್ರೀಯ ಕೂಟ. (ಹಾನಗಲ್ಲಿನಲ್ಲಿ ಕುಳಿತು ನೋಡಿದರೆ ಅಲ್ಲಿ ಹಿಮ ಬೀಳುತ್ತಿದೆ ಅನಿಸುತ್ತದೆ. ತಪ್ಪು ಆಂಟೆನಾದ್ದು.) ಓಟದ ಹೆಸರು ಸ್ಟೀಪಲ್ ಚೇಸ್. ದಾರಿಗೆ ಅಡ್ಡಲಾಗಿ ದಪ್ಪ ಮರದ ತೊಲೆಗಳು. ಮುಂದಿದ್ದ ಹುಡುಗ ತೊಲೆಯ ಮೇಲೆ ಕಾಲಿಟ್ಟು, ಅದನ್ನೇ ಒದ್ದು, ಆಚೆಗಿದ್ದ ನೀರಿನ ಗುಂಡಿ ದಾಟಿದ. ಹಿಂದಿದ್ದವನೂ ಹಾಗೆಯೇ. ಅಂಪೈರ್ ಸುಮ್ಮನೆ ನಿಂತಿದ್ದ!

‘ಕಾಲಿಡಬಹುದೇನ್ರಿ?’ ಎಂದೆ.

‘ಇಡಬಹುದು. ರೂಲೇ ಹಂಗೈತಿ. ಮೊದಲ ನನ್ನ ಧೋತರ ನೋಡ್ರಿ,’ ಎಂದರು ಡಾಕ್ಟರು.

ಎಂಟು ವರ್ಷದ ಹಿಂದೆ ಹಿರೇಕೆರೂರಿನಲ್ಲಿ ಇದೇ ಓಟಕ್ಕೆ ನಾನೇ ಅಂಪೈರ್. (ಆಗ ಅಲ್ಲಿ ಮಾಸ್ತರನಾಗಿದ್ದೆ. ಸೆಕೆಂಡ್ ಮುಳ್ಳಿನ ವಾಚು ನನ್ನೊಬ್ಬನಲ್ಲಿತ್ತು. ಅರ್ಹತೆ ಅಷ್ಟೇ.)

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೈಸ್ಕೂಲು ಹುಡುಗರ ಕೂಟ. ಗೆದ್ದವನು ಧಾರವಾಡದ ಜಿಲ್ಲಾ ಕೂಟಕ್ಕೆ. ಹಿಂದಿನ ದಿನ ಹೆಡ್ ಮಾಸ್ತರರಿಗೆ ಟ್ರಂಕ್ ಕಾಲ್ ಬಂತು. ಲೈನಿನಲ್ಲಿ ಗರಗರ. ಅವರಿಗೆ ಕೇಳಿಸಿದ್ದು ಇಷ್ಟು: ಹೊಸ ಓಟ, ಹೆಸರು ಟೇಬಲ್ ಚೇಸ್, ಏಳು ಸುತ್ತು, ಸುತ್ತಿಗೊಮ್ಮೆ ನೀರು.

‘ನೀರು ಯಾಕ್ರಿ ಸರ?’ ಎಂದೆ.

‘ಏಳು ಸುತ್ತು ಓಡ್ತಾವ ಹುಡುಗ್ರು. ನೀರಡಿಕಿ ಆಗೂದಿಲ್ಲೇನ್ರಿ?’

ಮಾತು ಸರಿಯಾಗಿಯೇ ಇತ್ತಲ್ಲವೇ?

ಮಾಸ್ತರರ ನಾಲ್ಕು ಟೇಬಲ್ಲುಗಳನ್ನು ಮೈದಾನಕ್ಕೆ ಹೊತ್ತು ತಂದು ಅಡ್ಡ ಇಟ್ಟೆವು. ಪಕ್ಕದಲ್ಲಿ ಹಂಡೆ, ಲೋಟ. ಟೇಬಲ್ಲು ಹಾರಬೇಕು. ಸುತ್ತಿಗೊಂದು ಲೋಟ ನೀರು ಕುಡಿಯಬೇಕು. ಟೇಬಲ್ಲಿಗೆ ಕಾಲು ತಾಗಿದರೆ ಔಟ್.

ಈ ಕೊನೆಯದು ನನ್ನ ಸ್ವಂತ ನಿಯಮ. ಹಾಜರಿ ಪುಸ್ತಕ ಇಡುವ ಟೇಬಲ್ಲು ಅದು. ಅದರ ಮೇಲೆ ಕಾಲೇ?

ಮೂರನೇ ಸುತ್ತಿಗೆ ಹುಡುಗರ ಹೊಟ್ಟೆಗಳು ಕುಲುಕಾಡುವುದು ನನಗೇ ಕೇಳಿಸಿತು. ಶಿಗ್ಗಾಂವಿಯವನು ನಾಲ್ಕನೇ ಲೋಟ ಮುಗಿಸಿ ಹಂಡೆಯ ಪಕ್ಕದಲ್ಲೇ ಕುಳಿತುಬಿಟ್ಟ. ಎಲ್ಲರಿಗಿಂತ ಮುಂದಿದ್ದವನು ಅಕ್ಕಿಆಲೂರಿನ ಈರಪ್ಪ. ಆರನೇ ಸುತ್ತಿನಲ್ಲಿ ಅವನಿಗೆ ಹಾರಲಾಗಲಿಲ್ಲ. ಟೇಬಲ್ಲಿನ ನಟ್ಟನಡುವೆ ಎಡಗಾಲಿಟ್ಟು ದಾಟಿದ. ದಾಟಿದವನು ಓಡಬೇಕೋ ಬೇಡವೋ? ತಿರುಗಿ ಬಂದ. ಟೇಬಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಮತ್ತೆ ಓಡಿದ.

ಆದರೂ ಅವನೇ ಮೊದಲು ಬಂದ!

ನಾನು ಕೆಂಪು ಬಾವುಟ ಎತ್ತಿದೆ. ಕಣ್ಣಿಗೊತ್ತಿಕೊಂಡದ್ದೇ ತಪ್ಪೊಪ್ಪಿಗೆ ಎಂದೆ. ಎರಡನೆಯವನಾಗಿ ಬಂದ ಸವಣೂರಿನ ಹುಡುಗ ಧಾರವಾಡಕ್ಕೆ ಹೋದ. ಅಲ್ಲಿ ಏನಾಯಿತೆಂದು ನಾನು ವಿಚಾರಿಸಲಿಲ್ಲ. ಈರಪ್ಪ ಆಮೇಲೆ ಯಾವ ಕೂಟಕ್ಕೂ ಬರಲಿಲ್ಲ. ಅದನ್ನೂ ವಿಚಾರಿಸಲಿಲ್ಲ.

ಭಾನುವಾರ ಅಕ್ಕಿಆಲೂರಿನ ಬಸ್ ಹತ್ತಿದೆ. ಈರಪ್ಪ ಈಗ ರೈಸ್ ಮಿಲ್ಲಿನಲ್ಲಿದ್ದಾನೆ. ಹೆಂಡತಿ ಗಂಗವ್ವ ಬುತ್ತಿ ತಂದಿದ್ದಳು. ಮಿಲ್ಲಿನ ಸದ್ದಿನಲ್ಲಿ ನಾನು ಎರಡು ಸಲ ಕೂಗಬೇಕಾಯಿತು. ‘ಕಾಲಿಡಬಹುದಿತ್ತಪಾ! ತಪ್ಪು ನಂದು!’

ಈರಪ್ಪ ರೊಟ್ಟಿ ಕೆಳಗಿಟ್ಟ. ‘ಅಂದ್ರ ನಾ ಗೆದ್ದಿದ್ನೇನ್ರಿ?’

‘ಗೆದ್ದಿದ್ದಿ.’

ಅವನು ಹೆಂಡತಿಯ ಕಡೆ ತಿರುಗಿದ. ‘ಕೇಳಿದೇನ? ಮದಿವ್ಯಾದಾಗಿಂದ ಹೇಳಾಕತ್ತೇನಿ, ನೀ ನಂಬಲಿಲ್ಲ.’

‘ಯಾರು ನಂಬ್ತಾರ? ಮೊದಲ ಬಂದಾಂವನ್ನ ಯಾರರ ಹೊರಗ ಹಾಕ್ತಾರೇನು? ಅಂಥಾ ಶಾಣ್ಯಾ ಯಾವಾಂವ ಇದ್ದ ಅಂತೇನಿ!’

‘ನಾನ ಬೇ ತಂಗಿ,’ ಎಂದೆ.

ಗಂಗವ್ವ ಸೆರಗು ಬಾಯಿಗೆ ಹಿಡಿದಳು. ಆದರೂ ನಗು ತಡೆಯಲಾಗಲಿಲ್ಲ. ಈರಪ್ಪ ನಕ್ಕ. ನಾನು ತೌಡಿನ ಚೀಲದ ಮೇಲೆ ಕುಸಿದು ಕಣ್ಣೀರು ಬರುವಷ್ಟು ನಕ್ಕೆ.

ನಕ್ಕು ಮುಗಿದ ಮೇಲೆ ಈರಪ್ಪ ಗಟ್ಟಿಯಾಗಿ ಹೇಳಿದ: ‘ಬಾಯಿಲೆ ಬ್ಯಾಡ್ರಿ ಸರ. ಬರದು ಕೊಡ್ರಿ.’

ಕಾಗದ ತೆಗೆದೆ. ‘ಏಳು ಸುತ್ತು, ಏಳು ಲೋಟ’ ಎಂದು ಬರೆಯುವಾಗ ಅವನು ನನ್ನ ಕೈ ತಡೆದ.

‘ಆರು ಅಂತ ಬರೀರಿ. ಕೊನೀ ಲೋಟ ನಾ ಹಿಂದ ಚೆಲ್ಲಿದ್ನಿ.’ ಆಮೇಲೆ ಕೇಳಿದ, ‘ಮತ್ತ ಔಟ್ ಏನ್ರಿ?’

ನಿಜ ಹೇಳಲೇ? ನನ್ನ ಬಲಗೈ ಅರ್ಧ ಎದ್ದಿತ್ತು! ಕೆಳಗಿಳಿಸಿದೆ. ರೂಲಿನಲ್ಲಿದ್ದದ್ದು ಹಾರುವ ನೀರು, ಕುಡಿಯುವ ನೀರಲ್ಲ.

ಹಾಗಾಗಿ ಅವನಿಗೆ ಬರೆದುಕೊಟ್ಟದ್ದನ್ನೇ ನಿಮ್ಮೆಲ್ಲರ ಮುಂದೆಯೂ ಬರೆಯುತ್ತಿದ್ದೇನೆ: ಹಿರೇಕೆರೂರು, ಟೇಬಲ್ ಚೇಸ್, ಪ್ರಥಮ: ಈರಪ್ಪ, ಅಕ್ಕಿಆಲೂರು.

ಆರು ಲೋಟ ನೀರು ಹೊಟ್ಟೆಯಲ್ಲಿಟ್ಟುಕೊಂಡು ಮೊದಲು ಬಂದವನು ಆ ಟಿವಿಯಲ್ಲಿ ಒಬ್ಬನಾದರೂ ಇದ್ದನೇ?