ಹಚ್ಚದೇ ಬಿಟ್ಟ ಮಿಶ್ರಿ

...ಇಲ್ಲ, ಆ ಹಲ್ಲುಪುಡಿ ಕೆಂಪಗಿರಲಿಲ್ಲ. ಇಷ್ಟು ವರ್ಷ ಕೆಂಪು ಎಂದೇ ನಂಬಿದ್ದೆ. ಚಿಗವ್ವ ಉಗುಳಿದ ನೀರಿನಲ್ಲಿ ಕಂಡ ರಕ್ತದ ಬಣ್ಣವನ್ನು ನನ್ನ ನೆನಪು ಪುಡಿಗೂ ಬಳಿದುಬಿಟ್ಟಿರಬೇಕು. ಪುಡಿ ಬೂದು ಬಣ್ಣದ್ದೋ ಬಿಳಿಯದೋ ಆಗಿದ್ದೀತು. ಲವಂಗದ ವಾಸನೆ ಇದ್ದದ್ದಂತೂ ನಿಜ. ಕಳೆದ ವಾರ ವಿಕ್ರೋಳಿಯ ಅಂಗಡಿಯೊಂದರಲ್ಲಿ ನನ್ನ ಮಗಳು, ಬೇಡ ಬೇಡ ಎನ್ನುವಷ್ಟರಲ್ಲಿ, ಟೂತ್‌ಪೇಸ್ಟೊಂದರ ಮುಚ್ಚಳ ತೆಗೆದು ಮೂಸಿ, "ಅಮ್ಮಾ, ಯೇ ತೋ ಲವಂಗ್ ಹೈ" ಎಂದು ನನ್ನ ಮೂಗಿಗೆ ಹಿಡಿದಳು. ಅಲ್ಲಿಂದ ಶುರುವಾಯಿತು.

ಆ ಪೇಸ್ಟಿನ ಪೆಟ್ಟಿಗೆಯ ಮೇಲೆ ಹಲ್ಲುಗಳ ಚಿತ್ರಗಳು ಸಾಲಾಗಿದ್ದವು, ಹಳದಿಯಿಂದ ಬಿಳಿಗೆ. ನನ್ನ ಹಲ್ಲಿನ ಬಣ್ಣ ಆ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ನನ್ನವು ಕಂದು ಮಚ್ಚೆಯ ಹಲ್ಲುಗಳು. ಯಾವ ಪೇಸ್ಟ್ ನನಗೆ ಸರಿ ಎಂಬುದು ಗೊತ್ತಿಲ್ಲದ್ದೇನಲ್ಲ. ಪರೇಲಿನ ಹಲ್ಲಿನ ಡಾಕ್ಟರು ತಾಳ್ಮೆಯಿಂದ ಹೇಳಿದ್ದಾರೆ: ನಿಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿತ್ತು, ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಕಲೆ ಕೂತಿದೆ, ಹೊರಗಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹುಳುಕು ತಡೆಯಲು ಸಾದಾ ಪೇಸ್ಟ್ ಸಾಕು. ಹಲ್ಲು ಜುಮ್ಮೆಂದರೆ ಅದಕ್ಕೆ ಬೇರೆಯದೇ ಇದೆ. ಮಗುವಿಗೆ ಬಟಾಣಿ ಕಾಳಿನಷ್ಟು ಹಾಕಿ, ನುಂಗದಂತೆ ನೋಡಿಕೊಳ್ಳಿ. ಬೆಳ್ಳಗೆ ಮಾಡುತ್ತದೆ ಎನ್ನುವ ಪೇಸ್ಟ್ ಮಾತ್ರ ನಿಮಗೆ ಬೇಡ, ಅದು ಹಲ್ಲನ್ನು ಸವೆಸುತ್ತದೆ.

ಇದೆಲ್ಲ ಗೊತ್ತಿದ್ದೂ ಆ ಬೆಳ್ಳಗೆ ಮಾಡುವ ಪೆಟ್ಟಿಗೆಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಮಗಳು ನನ್ನನ್ನು ನೋಡಿ ನಕ್ಕಳು. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಹಲ್ಲು ಮುಂಬಯಿ ನೀರಿನಲ್ಲಿ ಬೆಳೆದವು, ಒಂದು ಚುಕ್ಕೆಯೂ ಇಲ್ಲ. ಕೈ ಅಡ್ಡ ಹಿಡಿಯುವುದನ್ನು ನನ್ನಿಂದ ಕಲಿತಿದ್ದಾಳೆ. ನಾನು ಕಲಿತದ್ದು ಚಿಗವ್ವನಿಂದ.

ಚಿಗವ್ವ ನಮ್ಮ ಸಂಬಂಧಿಯಲ್ಲ. ಪರೇಲಿನ ಚಾಳಿನಲ್ಲಿ ಪಕ್ಕದ ಖೋಲಿಯವಳು. ನಮ್ಮ ಕಡೆಯವಳೇ, ಮದುವೆಯಾಗಿ ಹೊಸದಾಗಿ ಬಂದಿದ್ದಳು. ಗಂಡ ನೆಲಕ್ಕೆ ಫರಶಿ ಕಲ್ಲು ಕೂರಿಸುವ ಕೆಲಸದವನು. ನಾನು ಅಜ್ಜಿಯ ಊರಿನಲ್ಲಿ ಬೆಳೆದು, ಶಾಲೆಗೆಂದು ಆಗಷ್ಟೇ ಮುಂಬಯಿಗೆ ಬಂದಿದ್ದೆ. ಅಪ್ಪನ ಕಾಲಕ್ಕೆ ಆ ಊರಿನವರೆಲ್ಲ ಕೆರೆ ನೀರು ಕುಡಿದವರು, ಅವರ ಹಲ್ಲು ಚೆನ್ನಾಗಿದ್ದವು. ನಮ್ಮ ಕಾಲಕ್ಕೆ ಬೋರ್‌ವೆಲ್ ಬಂದಿತ್ತು. ಹಾಗಾಗಿ ಇಡೀ ಚಾಳಿನಲ್ಲಿ ಮಚ್ಚೆಯ ಹಲ್ಲಿದ್ದವರು ನಾನು ಮತ್ತು ಚಿಗವ್ವ, ಇಬ್ಬರೇ. ಹೊಸದಾಗಿ ಬಂದ ಒಬ್ಬಾಕೆ ನಳದ ಹತ್ತಿರ ನನ್ನ ಬಾಯಿ ನೋಡಿ, ಚಿಗವ್ವನನ್ನು "ತುಝೀ ಮುಲ್ಗೀ ಕಾ?" ಎಂದು ಕೇಳಿದಳು, ನಿನ್ನ ಮಗಳೇನು ಎಂದು. ನನ್ನ ಅವ್ವ ಅಲ್ಲೇ ಕೊಡ ಹಿಡಿದು ನಿಂತಿದ್ದಳು. ಅವ್ವ ನಕ್ಕಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ನಗು ಬಂತಂದ್ರ ತುಟಿ ಬಿಗಿ ಹಿಡಿ. ಮೂಗಿನ್ಯಾಗ ನಗು" ಎಂದು ಚಿಗವ್ವ ಹೇಳಿಕೊಡುತ್ತಿದ್ದಳು.

"ಮೂಗಿನ್ಯಾಗ ಹೆಂಗ ನಗೂದು?"

"ಎಮ್ಮಿ ನಗತದಲ್ಲ, ಹಂಗ."

ಇಬ್ಬರೂ ಮರೆತು ಬಾಯಿ ತೆರೆದು ನಕ್ಕುಬಿಡುತ್ತಿದ್ದೆವು. ಕೂಡಲೇ ಅವಳು ಸೆರಗನ್ನು, ನಾನು ಕೈಯನ್ನು...

ಅವಳು ಹತ್ತನೆಯದು ಪಾಸಾಗಿದ್ದಳು. ದಿನವಿಡೀ ಖೋಲಿಯಲ್ಲಿ ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಚಾಳಿನ ಕೆಳಗೆ ಒಂದು ಬಾಲವಾಡಿ ಇತ್ತು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಸಹಾಯಕಿ ಬೇಕೆಂದು ತಿಳಿದಾಗ ಆ ಕೆಲಸ ತನಗೇ ಸಿಗಬೇಕೆಂದು ಹಟ ಹಿಡಿದಳು. ಅರ್ಧ ಮಕ್ಕಳು ಕನ್ನಡದವರೇ, ಅವರಿಗೆ ಹಾಡು ಹೇಳಿಕೊಡುತ್ತೇನೆ ಎಂದು ಆಗಲೇ ಹಾಡುಗಳನ್ನು ಗುನುಗತೊಡಗಿದ್ದಳು. ತನಗೆ ಮರಾಠಿ ಬಾರದ್ದಕ್ಕೆ, ಅಷ್ಟರಲ್ಲಿ ಶಾಲೆಯಲ್ಲಿ ಅದನ್ನು ಕಲಿತಿದ್ದ ನನ್ನನ್ನು ಜೊತೆಗೆ ಕರೆದೊಯ್ದಳು.

ಬಾಲವಾಡಿಯ ಮೇಡಮ್ ಎಲ್ಲ ಕೇಳಿಸಿಕೊಂಡರು. ಆಮೇಲೆ ಚಿಗವ್ವನ ಬಾಯಿಯನ್ನೇ ನೋಡಿ, "ಮಿಶ್ರೀ ಲಾವತೇಸ್ ಕಾ?" ಎಂದರು.

ಮಿಶ್ರಿ ಅಂದರೆ ಹುರಿದು ಪುಡಿ ಮಾಡಿದ ತಂಬಾಕು. ಚಾಳಿನ ಎಷ್ಟೋ ಹೆಂಗಸರು ಬೆಳಿಗ್ಗೆ ಅದನ್ನು ಬೆರಳಿನಿಂದ ಹಲ್ಲಿಗೆ ತಿಕ್ಕಿಕೊಂಡು, ಮಾತಿಲ್ಲದೆ ಗೋಡೆಗೊರಗಿ ಕೂರುತ್ತಿದ್ದರು. ಮುಂಬಯಿಯಲ್ಲಿ ಹೆಂಗಸಿನ ಹಲ್ಲು ಕಂದಾಗಿದೆ ಎಂದರೆ ಕಾರಣ ಅದೊಂದೇ.

"ಮಿಶ್ರಿ ಹಚ್ಚತಿ ಏನು ಅಂತ ಕೇಳಾಕತ್ತಾರ" ಎಂದೆ.

"ಇಲ್ಲ ಅನ್ನು. ಹಲ್ಲು ಬಂದಾಗಿಂದ ಹಿಂಗ ಅದಾವ ಅನ್ನು."

ನಾನು ಹೇಳಿದೆ. ಹೇಳಲು ಬಾಯಿ ತೆರೆಯಲೇಬೇಕಲ್ಲ. ಮೇಡಮ್ ನನ್ನ ಹಲ್ಲು ನೋಡಿದರು. "ಹಿಲಾ ಪಣ ಶಿಕವಲೀಸ್ ಕಾ?" ಎಂದರು. ಇವಳಿಗೂ ಕಲಿಸಿದೆಯಾ ಎಂದು. ಅದನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯ ಬೀಳಲಿಲ್ಲ. ಚಿಗವ್ವನ ಕೈ ನನ್ನ ಭುಜದ ಮೇಲಿತ್ತು, ಅದು ಸರಿಯಿತು. ಕೆಟ್ಟ ಹೆಂಗಸಲ್ಲ ಆ ಮೇಡಮ್. ಮಕ್ಕಳ ಮುಂದೆ ಅಂಥ ಚಟ ಬೇಡ, ಬಿಟ್ಟು ದೀಪಾವಳಿ ರಜೆ ಮುಗಿದ ಮೇಲೆ ಬಾ, ಜಾಗ ಇಟ್ಟಿರುತ್ತೇನೆ ಎಂದು ಮೆತ್ತಗೇ ಹೇಳಿದರು.

ಅಲ್ಲಿಂದ ನೇರ ಮೆಡಿಕಲ್ ಅಂಗಡಿಗೆ ಹೋದೆವು. ಹಲ್ಲು ಬೆಳ್ಳಗೆ ಮಾಡುವುದು ಕೊಡಿ ಎಂದದ್ದೇ ತಡ, ಅಂಗಡಿಯವನು, "ಮಿಶ್ರೀ ಕೇ ದಾಗ್? ಯೇ ಲೋ, ಜೋರ್ ಸೇ ರಗಡೋ" ಎಂದ, ಮಿಶ್ರಿಯ ಕಲೆಗೆ ಇದರಿಂದ ಜೋರಾಗಿ ತಿಕ್ಕು ಎಂದು ಡಬ್ಬಿಯೊಂದನ್ನು ಮುಂದಿಟ್ಟ. ಆ ಲವಂಗದ ಪುಡಿ. ಅದಕ್ಕೂ ಮೊದಲೋ ಆಮೇಲೋ ಪೇಸ್ಟುಗಳೂ ಬಂದವು, ಹಸಿರು ಗೆರೆಯದು, ಉಪ್ಪಿನದು, ಇನ್ನೇನೋ. ಕ್ರಮ ನೆನಪಿಲ್ಲ. ನಳದಲ್ಲಿ ಉಳಿದವರು ಸೇರುವ ಮೊದಲೇ ಇಬ್ಬರೂ ನಿಂತು ತಿಕ್ಕುತ್ತಿದ್ದೆವು. ನನ್ನ ಬೆರಳಿಗೂ ಅವಳೇ ಪುಡಿ ಹಾಕುತ್ತಿದ್ದಳು. ಕೆಲವೇ ದಿನಗಳಲ್ಲಿ ಅವಳಿಗೆ ಬಿಸಿ ಚಹಾ ಕುಡಿಯಲಾಗದಂತಾಯಿತು. ಬಶಿಯಲ್ಲಿ ಆರಿಸಿಕೊಂಡು ಒಂದೇ ಕಡೆಯಿಂದ ಹೀರುತ್ತಿದ್ದಳು. ಕಲೆಗಳು ತೊಳೆದಿಟ್ಟಂತೆ ಇನ್ನೂ ಸ್ಪಷ್ಟವಾದವು.

"ಸಾಕು ಬಿಡ ಮಾರಾಯ್ತಿ. ಹಲ್ಲು ಉಣ್ಣಾಕ ಅದಾವ, ತೋರಸಾಕಲ್ಲ" ಎಂದಳು ಅವ್ವ.

"ನಿನ್ನವು ಬೆಳ್ಳಗದಾವ ಅಕ್ಕಾ. ಅದಕ್ಕ ಹಂಗಂತಿ."



ಆಮೇಲೆ ಚಿಗವ್ವ ವಿಕ್ರೋಳಿಯಲ್ಲಿದ್ದ ನಾದಿನಿಯ ಮನೆಗೆ ಹೋದಳು. ಬಂದಾಗ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಗಂಜಿಯಷ್ಟೇ ಕುಡಿಯುತ್ತಿದ್ದಳು. ಯಾರಿಗೂ ಏನೂ ಹೇಳಲಿಲ್ಲ. ಮತ್ತೆ ಹೋದಳು, ಮತ್ತೆ ಬಂದಳು. ಒಂದು ಬೆಳಿಗ್ಗೆ ನಳದ ಹತ್ತಿರ ಸೆರಗು ಇಳಿಸಿದಳು. ಮುಂದಿನ ಮೇಲ್ಹಲ್ಲುಗಳೆಲ್ಲ ಬೆಳ್ಳಗಿದ್ದವು. ನಾದಿನಿಯ ಮನೆಯ ಹತ್ತಿರ ಹಲ್ಲು ಕೂರಿಸುವವನೊಬ್ಬನಿದ್ದ, ಅವನ ಕೈಯಲ್ಲಿ ತನ್ನವನ್ನು ಕೀಳಿಸಿ ಕಟ್ಟಿಸಿದ ಹಲ್ಲು ಹಾಕಿಸಿಕೊಂಡಿದ್ದಳು. ಆಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಹೆಂಗಸರು ಸುತ್ತ ನೆರೆದು ಗಲ್ಲ ಹಿಡಿದು ತಿರುಗಿಸಿ ನೋಡಿದರು. ಎಷ್ಟು ಚೆಂದ ಎಂದರು.

ಬರೆಯಲು ಕೈ ಹಿಂಜರಿಯುವುದು ಇಲ್ಲಿ. ನನಗೆ ಅವಳ ನೋವು ನೆನಪಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ನನ್ನವನ್ನೂ ಕೀಳಿಸು ಎಂದು ಅವ್ವನ ಮುಂದೆ ಅತ್ತೆ, ಊಟ ಬಿಟ್ಟೆ. ಅವ್ವ ಹೊಡೆದಳು ಎಂದು ನೆನಪು. ಮೊದಲಿನಿಂದ ಮುಂಬಯಿಯಲ್ಲೇ ಬೆಳೆದ ನನ್ನ ಅಕ್ಕ ಹೇಳುವ ಪ್ರಕಾರ ಅವ್ವ ಹೊಡೆಯಲಿಲ್ಲ, ಅವಳೂ ಅತ್ತಳು. ಆ ಬಣ್ಣದಲ್ಲಿ ನನ್ನೊಬ್ಬಳನ್ನೇ ಬಿಟ್ಟು ಚಿಗವ್ವ ದಾಟಿಹೋದಳು ಎಂದು ನಾನು ತಿಳಿದಿದ್ದೆ. ನಳದಲ್ಲಿ ಈಗ ನನ್ನನ್ನು ಯಾರೂ ಅವಳ ಮಗಳು ಎನ್ನುತ್ತಿರಲಿಲ್ಲ. ಅದನ್ನೂ ಸಹಿಸಲಾಗಲಿಲ್ಲ.

ದೀಪಾವಳಿಯ ನಂತರ ಅವಳು ಬಾಲವಾಡಿಗೆ ಹೋದದ್ದು ನನಗೆ ಎರಡು ಬಗೆಯಲ್ಲಿ ನೆನಪಿದೆ. ಒಂದರಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೇನೆ. ಮೇಡಮ್ ಮುಖ ಅರಳಿಸಿ, "ಸೋಡ್‌ಲೀಸ್ ನಾ ಮಿಶ್ರೀ?" ಎನ್ನುತ್ತಾರೆ, ಬಿಟ್ಟೆ ತಾನೇ ಎಂದು. ಚಿಗವ್ವ ನನ್ನತ್ತ ತಿರುಗುವುದಿಲ್ಲ. ತಾನೇ ಕಲಿತ ಮರಾಠಿಯಲ್ಲಿ, "ಸೋಡ್‌ಲೀ" ಎನ್ನುತ್ತಾಳೆ. ಆದರೆ ನಾನು ಅಲ್ಲಿರಲು ಸಾಧ್ಯವಿಲ್ಲ, ಅದು ಶಾಲೆಯ ಹೊತ್ತು. ಇನ್ನೊಂದರಲ್ಲಿ ಅವಳು ಸಂಜೆ ನಮ್ಮ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತ ಅವ್ವನಿಗೆ ಹೇಳುತ್ತಿದ್ದಾಳೆ.

"ಬಿಟ್ಟೆ ಅಂದೆ ಅಕ್ಕಾ. ಹಚ್ಚಿದ್ದರ ಅಲ್ಲೇನ ಬಿಡೂದು? ಆದರೂ ಬಿಟ್ಟೆ ಅಂದೆ."

"ಖರೇ ಹೇಳಬೇಕಿತ್ತು" ಎಂದಳು ಅವ್ವ.

"ಖರೇ ಹೇಳಿದ್ನಲ್ಲ, ಮೊದಲನೇ ಸಲ."

ಕೆಲಸ ಸಿಕ್ಕಿತು. ಮಕ್ಕಳು ಅವಳನ್ನು ಬಿಡುತ್ತಲೇ ಇರಲಿಲ್ಲ. ಮೇಡಮ್ ಮಾತ್ರ ಎಲ್ಲರಿಗೂ ಅವಳನ್ನೇ ತೋರಿಸತೊಡಗಿದರು: ನೋಡಿ, ಮನಸ್ಸು ಮಾಡಿದರೆ ಮಿಶ್ರಿ ಬಿಡಬಹುದು. ಚಾಳಿನ ಹೆಂಗಸರು, ನಿಜವಾಗಿ ಹಚ್ಚುವವರು, ಹೇಗೆ ಬಿಟ್ಟೆ ಎಂದು ಅವಳನ್ನು ಕೇಳಲು ಬರುತ್ತಿದ್ದರು. ಬಡೇಸೋಪು ಬಾಯಿಗೆ ಹಾಕಿಕೊಳ್ಳಿ, ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಏನಾದರೂ ಕೆಲಸ ಕೊಡಿ ಎಂದು ಅವಳು ಗಂಭೀರವಾಗಿ ಹೇಳುತ್ತಿದ್ದಳು. ಎಲ್ಲಿಂದ ತಂದಳೋ ಆ ಸಲಹೆಗಳನ್ನು. ಒಬ್ಬಿಬ್ಬರು ನಿಜಕ್ಕೂ ಬಿಟ್ಟರು ಕೂಡ. ಅವರಲ್ಲೊಬ್ಬಳು ನನ್ನತ್ತ ಕೈ ಮಾಡಿ, ಹೀಗೆಯೇ ಈ ಹುಡುಗಿಗೂ ಬಿಡಿಸು ಎಂದಳು. ಚಿಗವ್ವ ನನ್ನನ್ನು ನೋಡಿದಳು. ಇಲ್ಲ, ಇದು ಅದಲ್ಲ ಎನ್ನುತ್ತಾಳೆಂದು ಕಾದೆ. ಅಂದಿದ್ದರೆ ಅವಳ ಸುಳ್ಳೂ ಹೊರಬೀಳುತ್ತಿತ್ತು. "ಬಿಡತಾಳ ಬಿಡತಾಳ, ಸಣ್ಣಾಕಿ" ಎಂದಳು. ನಾನು ತುಟಿ ಬಿಗಿ ಹಿಡಿದು ನಿಂತೆ.

ಆಮೇಲೆ ನಾವಿಬ್ಬರೂ ಮೊದಲಿನಂತೆ ನಗಲಿಲ್ಲ ಎಂದು ಬರೆದರೆ ಕಥೆ ನೀಟಾಗಿ ಕೂರುತ್ತದೆ. ನಗದೆ ಇರಲಿಲ್ಲ, ನಕ್ಕಿದ್ದೇವೆ. ಹೊಸ ಹಲ್ಲು ಬಂದ ಮೇಲೂ ಅವಳು ಸೆರಗು ಅಡ್ಡ ಹಿಡಿದೇ ನಗುತ್ತಿದ್ದಳು. ಅಭ್ಯಾಸವೋ, ಕಟ್ಟಿಸಿದ ಹಲ್ಲು ಸಡಿಲವಾಗಿತ್ತೋ.

ಚಾಳು ಹೋಯಿತು, ಅಲ್ಲೀಗ ಎತ್ತರದ ಟವರು. ಚಿಗವ್ವ ವಿರಾರ್ ಕಡೆ ಹೋದಳು ಎಂಬಲ್ಲಿಗೆ ಸುದ್ದಿ ನಿಂತಿತ್ತು. ಪೇಸ್ಟಿನ ವಾಸನೆ ಕಾಡಿದ ಆ ಸಂಜೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ಆಕಿ ತೀರಿಕೊಂಡು ಭಾಳ ದಿನ ಆತಲ್ಲ, ನಿನಗ ಹೇಳಿಲ್ಲೇನ?" ಎಂದಳು. ಹೇಳಿರಲಿಲ್ಲ. ಹೇಳಿದ್ದರೂ ಲೋಕಲ್ ರೈಲು ಹಿಡಿದು ಹೋಗುತ್ತಿದ್ದೆನೇ, ನಂಬಿಕೆಯಿಲ್ಲ.

ಮಚ್ಚೆ ಇರುವ ಹಲ್ಲು ಕೆಟ್ಟ ಹಲ್ಲಲ್ಲ ಎಂದು ಡಾಕ್ಟರು ನನಗೆ ಹೇಳಿದಾಗ ನಾನು ನಲವತ್ತರ ಹತ್ತಿರ ಬಂದಿದ್ದೆ. ಕೀಳುವ ಮೊದಲು ಆ ಹಲ್ಲು ಕೂರಿಸುವವನು, ಇವು ಗಟ್ಟಿಯಾಗೇ ಇವೆಯಲ್ಲ ತಂಗಿ ಎಂದು ಚಿಗವ್ವನಿಗೆ ಹೇಳಿದನೋ, ಹೇಳಿದರೂ ಅವಳು ಕೀಳು ಎಂದಳೋ, ನನಗೆ ಗೊತ್ತಿಲ್ಲ.