ಹುಣಸೆಹಣ್ಣಿಗೆ ಹೊಳೆದ ನಾಣ್ಯಗಳು

ನಮ್ಮಪ್ಪ ಸಿಟಿ ಬಸ್ಸಿನ ಕಂಡಕ್ಟರ್. ವಿಜಯನಗರದಿಂದ ಮಾರ್ಕೆಟ್ಟಿಗೆ ಹೋಗಿಬರುವ ಬಸ್ಸಿನಲ್ಲಿ ಅವರು ಚಿಲ್ಲರೆಗೆ ಜಗಳವಾಡದ ದಿನವಿಲ್ಲ. ಆದರೆ ಚರ್ಮದ ಚೀಲಕ್ಕೆ ತೆನೆಯ ಚಿತ್ರವೋ, ಚಿಕ್ಕ ಸಂಸಾರದ ಚಿತ್ರವೋ, ಯಾರೋ ಮಹನೀಯರ ಮುಖವೋ ಇರುವ ಸ್ಮರಣಾರ್ಥ ನಾಣ್ಯ ಬಿದ್ದರೆ, ಜೇಬಿನಿಂದ ಅಷ್ಟೇ ದುಡ್ಡು ಚೀಲಕ್ಕೆ ಹಾಕಿ ಅದನ್ನು ಮೂಡಲಪಾಳ್ಯದ ಬಾಡಿಗೆ ಮನೆಗೆ ತರುತ್ತಿದ್ದರು. ಅವುಗಳಿಗೆಂದೇ ಒಂದು ಉಪ್ಪಿನಕಾಯಿ ಜಾಡಿ. "ಇರ್ಲಿ ಕಣೇ, ಮುಂದೆ ಇವಕ್ಕೆ ಒಳ್ಳೆ ಬೆಲೆ ಬರತ್ತೆ, ನಿಂಗೆ ಬಳೆ ಮಾಡಿಸ್ತೀನಿ" ಎಂದು ಅಮ್ಮನಿಗೆ ಹೇಳುವರು. "ಹ್ಞೂಂ, ಕೂಸು ಹುಟ್ಟೋಕ್ ಮುಂಚೆ ಕುಲಾವಿ" ಎಂದು ಅಮ್ಮ ನಗುವಳು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆ ನಾಣ್ಯ ತೊಳೆಯುವ ಕೆಲಸ ನನ್ನದು. ಕಲಶದ ಮುಂದಿನ ತಟ್ಟೆಯಲ್ಲಿ ಕೊಳಕು ಕಾಸಿಟ್ಟರೆ ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ ಎಂದು ಅಮ್ಮ ಹೇಳಿದ್ದಳು. ಬಚ್ಚಲಲ್ಲಿ ಕೂತು ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ಗಸಗಸ ತಿಕ್ಕುತ್ತಿದ್ದೆ. ಬೆರಳ ಸಂದಿ ಉರಿಯುತ್ತಿತ್ತು, ಜಂಬಕ್ಕೇನೂ ಕಡಿಮೆಯಿರಲಿಲ್ಲ. ಡ್ಯೂಟಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲಿ ನಿಂತು, "ಪರವಾಗಿಲ್ವೇ, ಕನ್ನಡಿ ಮಾಡ್ಬಿಟ್ಟಿದೀಯ!" ಎನ್ನುತ್ತಿದ್ದರು. ಆ ಮಾತಿಗಾಗಿ ಇನ್ನೂ ನಾಲ್ಕು ಸಲ ತಿಕ್ಕುತ್ತಿದ್ದೆ. ಆ ಸಂಜೆಗಳು ಈಗಲೂ ಬೇಕೆನಿಸುತ್ತವೆ. ಈಗ ಸೊಪ್ಪಿನ ಗಾಡಿಯವರಿಗೂ ಫೋನಿನಲ್ಲೇ ದುಡ್ಡು, ಚಿಲ್ಲರೆ ಎಲ್ಲಿಂದ ಬರಬೇಕು?

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತಾರೆ ಎನ್ನುವ ವಿಡಿಯೊಗಳನ್ನು ನಾನು ನಂಬುವವಳಲ್ಲ. ಆದರೂ ಅಪ್ಪನ ಮಾತು ಪೊಳ್ಳಾಗಬಾರದು ಎಂಬ ಹಟ. ಬಂದಷ್ಟಕ್ಕೆ ನನ್ನದೂ ಸೇರಿಸಿ ಅಮ್ಮನ ಕೈಗೆ ಬಳೆ ತೊಡಿಸಿ, "ಅಪ್ಪ ಮಾಡಿಸಿದ್ದು" ಎನ್ನಬೇಕಿತ್ತು. ಹೋದ ತಿಂಗಳು ಅಮ್ಮನಿಗೂ ಹೇಳದೆ ಜಾಡಿ ಹೊತ್ತು ರಾಜಾಜಿನಗರದ ಹಳೆ ನಾಣ್ಯದ ಅಂಗಡಿಗೆ ಹೋದೆ.

ಅಂಗಡಿಯವರು ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. "ಎರಡು ಮೂರು ಅಪರೂಪದ್ದೇ ಇದಾವೆ ಮೇಡಂ. ಆದ್ರೆ ಹಿಂಗೆ ತಿಕ್ಕಿದ್ದು ಯಾರು? ಮೈಯೆಲ್ಲ ಗೀರು. ಕಲೆಕ್ಷನ್ ಮಾಡೋರು ತೊಳೆದಿದ್ದನ್ನ ಮುಟ್ಟಲ್ಲ. ಮುಖಬೆಲೆ ಅಷ್ಟೇ" ಎಂದರು. ತಿಕ್ಕಿದವಳು ನಾನೇ. ನಾಣ್ಯಗಳನ್ನೆಲ್ಲ ಮತ್ತೆ ಜಾಡಿಗೆ ತುಂಬಿಕೊಂಡೆ.

ಮನೆಗೆ ಬಂದಾಗ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿ, ನಿನ್ನ ಬಳೆಯನ್ನು ನನ್ನ ಕೈಯಾರೆ ಹಾಳುಮಾಡಿದೆ ಎಂದು ಅತ್ತುಬಿಟ್ಟೆ. ಅಮ್ಮ ತಲೆ ಎತ್ತಲಿಲ್ಲ.

"ಅದು ನಿಮ್ಮಪ್ಪಂಗೆ ಆಗ್ಲೇ ಗೊತ್ತಿತ್ತು ಕಣೇ. ತೊಳೀಬೇಡಿ ಅಂತ ಯಾರೋ ಪ್ಯಾಸೆಂಜರ್ ಹೇಳಿದ್ರಂತೆ. ನೀನಾಗ ಎರಡನೇ ಕ್ಲಾಸು. ಕೇಳ್ತಿದ್ದಂಗೆ ನಾನು ನಿನ್ನ ತಡೆಯೋಕೆ ಎದ್ದೆ. 'ಸುಮ್ನಿರೇ, ಮಗು ಮುಖ ನೋಡು ಹೆಂಗಿದೆ. ಬಳೆ ಹೋದ್ರೆ ಹೋಗ್ಲಿ' ಅಂದ್ರು."

"ನೀನೇನಂದೆ?"

"ನಾನೇನಂತೀನಿ? ಮಾರನೇ ವರ್ಷ ಹುಣಸೆಹಣ್ಣು ಇನ್ನಷ್ಟು ಜಾಸ್ತೀನೇ ನೆನೆಹಾಕಿ ಕೊಟ್ಟೆ."